ಹೆಲ್ತ್ ಡೇಟಾ ಮೇಲೆ ಥೀಸಿಸ್ ಮಾಡ್ತೀರಾ? ಯಾವ ಡೇಟಾ ಯಾರಿಗೆ ಸರಿ

ಪ್ರತಿ ವರ್ಷ ಸಿನಾಪ್ಸಿಸ್ ಕೊಡುವ ಹೊತ್ತಿಗೆ ಯಾರಾದರೂ ಒಬ್ಬರು ವಿದ್ಯಾರ್ಥಿ ಬಂದು, "ಮೇಡಂ, ಡಯಾಬಿಟೀಸ್ ಪ್ರಿಡಿಕ್ಷನ್ ಮಾಡ್ತೀನಿ, ಇಂಡಿಯನ್ ಡೇಟಾನೇ ಸಿಕ್ಕಿದೆ" ಎಂದು ಖುಷಿಯಿಂದ ಹೇಳುತ್ತಾರೆ. ತೆರೆದು ನೋಡಿದರೆ ಅದು ಪೀಮಾ ಇಂಡಿಯನ್ಸ್ ಡೇಟಾಸೆಟ್. ಆ ಇಂಡಿಯನ್ಸ್ ನಾವಲ್ಲ. ಅವರು ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಫೀನಿಕ್ಸ್ ನಗರದ ಹತ್ತಿರ ತಲೆತಲಾಂತರದಿಂದ ಬಾಳಿದ ಮೂಲನಿವಾಸಿಗಳು. ಇರುವುದು 768 ಸಾಲು. ಎಲ್ಲರೂ 21 ವರ್ಷ ತುಂಬಿದ ಹೆಂಗಸರು, ಗಂಡಸು ಒಬ್ಬರೂ ಇಲ್ಲ. ಇನ್ಸುಲಿನ್ ಕಾಲಂನಲ್ಲಿ 374 ಕಡೆ ಸೊನ್ನೆ. 35 ಜನರ ಬಿಪಿಯೂ ಸೊನ್ನೆ. ಬಿಪಿ ಸೊನ್ನೆ ಆದವರು ಬದುಕಿರುವುದಿಲ್ಲ. ಅಳತೆ ಸಿಗದ ಕಡೆಯಲ್ಲಿ ಸೊನ್ನೆ ಕೂತಿದೆ, ಅಷ್ಟೆ. ಡೇಟಾ ನೋಡಿ ಕಲಿಯುವ ಕಂಪ್ಯೂಟರ್ ಮಾಡೆಲ್‌ಗೆ ಅದು ಗೊತ್ತಾಗುವುದಿಲ್ಲ. ಅದು ಸೊನ್ನೆಯನ್ನೂ ನಂಬುತ್ತದೆ.

ತಪ್ಪು ಆ ಹುಡುಗ ಹುಡುಗಿಯರದ್ದಲ್ಲ. ಅಲ್ಗಾರಿದಮ್ ಹೇಗೆ ಆರಿಸಬೇಕು ಅಂತ ನಾವು ಒಂದು ಸೆಮಿಸ್ಟರ್ ಪೂರ್ತಿ ಪಾಠ ಮಾಡುತ್ತೇವೆ. ಡೇಟಾ ಹೇಗೆ ಆರಿಸಬೇಕು ಅಂತ ಒಂದು ಗಂಟೆಯೂ ಹೇಳಿಕೊಡುವುದಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಯೂನಿವರ್ಸಿಟಿಯಲ್ಲಿ ಎಂ.ಎಸ್ಸಿ., ಎಂ.ಟೆಕ್. ಅಥವಾ ಪಿಎಚ್.ಡಿ. ಮಾಡುತ್ತಾ, ಆರೋಗ್ಯದ ಪ್ರಶ್ನೆಯೊಂದನ್ನು ಕಂಪ್ಯೂಟರ್ ಮುಂದೆ ಕೂತು ಬಿಡಿಸಲು ಹೊರಟವರಿಗೆ ಇದು.

ಎಲ್ಲರೂ ಮೊದಲು ಕೇಳುವುದು "ಎಷ್ಟು ದೊಡ್ಡ ಡೇಟಾ?" ಅಂತ. ನಾನು ಕೇಳುವುದು ಬೇರೆ. ಇದನ್ನು ಯಾರು ಬರೆದರು, ಯಾವ ಕೆಲಸಕ್ಕೆ ಬರೆದರು? ಇದರೊಳಗೆ ಬರದೇ ಉಳಿದವರು ಯಾರು? ಆ ಮನುಷ್ಯರಿಗೆ ಆಮೇಲೆ ಏನಾಯ್ತು ಅನ್ನುವುದು ಇದರಲ್ಲಿ ಇದೆಯಾ? ಮೂರನೆಯ ಪ್ರಶ್ನೆಗೆ ನಾನು ಕೊಡುವಷ್ಟು ತೂಕ ಬಹಳ ಜನ ಕೊಡುವುದಿಲ್ಲ. ಕಾರಣ ಮುಂದೆ ಗೊತ್ತಾಗುತ್ತದೆ.

ಮಿಮಿಕ್: ಐಸಿಯುವಿನ ಗಂಟೆಗಂಟೆಯ ಲೆಕ್ಕ

ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ರೋಗಿಗಳ ದಾಖಲೆಯನ್ನು ಎಂಐಟಿಯ ಸಂಶೋಧಕರು ಹೆಸರು, ವಿಳಾಸ ತೆಗೆದು ಬಿಡುಗಡೆ ಮಾಡಿದ್ದಾರೆ. ಅದೇ ಮಿಮಿಕ್. ಈಗಿನ ನಾಲ್ಕನೆಯ ಆವೃತ್ತಿಯಲ್ಲಿ 2008ರಿಂದ 2022ರವರೆಗಿನ ಸುಮಾರು 3.6 ಲಕ್ಷ ಜನ ಇದ್ದಾರೆ. ಐಸಿಯು ದಾಖಲಾತಿಗಳೇ 94 ಸಾವಿರ. ಯಾವ ನಿಮಿಷಕ್ಕೆ ಯಾವ ಔಷಧ ಕೊಟ್ಟರು, ಮೂತ್ರ ಎಷ್ಟು ಹೋಯಿತು, ವೆಂಟಿಲೇಟರ್ ಸೆಟ್ಟಿಂಗ್ ಯಾವಾಗ ಬದಲಿಸಿದರು, ಎಲ್ಲವೂ ಇದೆ. ಇಷ್ಟು ದಟ್ಟವಾದ ದಾಖಲೆ ವಿದ್ಯಾರ್ಥಿಯ ಕೈಗೆ ದುಡ್ಡಿಲ್ಲದೆ ಸಿಗುವುದು ದೊಡ್ಡ ಪುಣ್ಯ ಅಂತಲೇ ನಾನು ಹೇಳುತ್ತೇನೆ.

ಪಡೆಯುವ ದಾರಿ ನೇರವಾಗಿದೆ. ಇಂಥ ಡೇಟಾ ಹಂಚುವ ವೆಬ್‌ಸೈಟ್ ಫಿಸಿಯೋನೆಟ್‌ನಲ್ಲಿ ಖಾತೆ ತೆರೆಯಬೇಕು. ಮನುಷ್ಯರ ಮಾಹಿತಿಯ ಮೇಲೆ ಸಂಶೋಧನೆ ಮಾಡುವವರಿಗಾಗಿ ಇರುವ ಸಿಐಟಿಐ ಕೋರ್ಸನ್ನು ಆನ್‌ಲೈನ್‌ನಲ್ಲಿ ಮುಗಿಸಬೇಕು. ನಿಮ್ಮ ಗೈಡ್ ಹೆಸರು ಕೊಟ್ಟು, ಒಪ್ಪಂದಕ್ಕೆ ಸಹಿ ಹಾಕಬೇಕು. ಅದರ ಮಧ್ಯೆ ಕೈಕಟ್ಟಿ ಕೂರಬೇಕಿಲ್ಲ. 100 ರೋಗಿಗಳ ಡೆಮೊ ಆವೃತ್ತಿಗೆ ಯಾವ ಅನುಮತಿಯೂ ಬೇಡ. ಕೋಡ್ ಎಲ್ಲ ಅದರ ಮೇಲೆ ಬರೆದಿಟ್ಟುಕೊಳ್ಳಬಹುದು. ಒಂದು ಎಚ್ಚರಿಕೆ: ಈ ದಾಖಲೆಯ ಸಾಲುಗಳನ್ನು ಆನ್‌ಲೈನ್ ಚಾಟ್‌ಬಾಟ್‌ಗೆ ಹಾಕಿ "ಇದನ್ನು ಸ್ವಲ್ಪ ವಿವರಿಸು" ಅಂತ ಕೇಳಬೇಡಿ. ಬೇರೆಯವರ ಕೈಗೆ ಡೇಟಾ ಕೊಡುವುದಿಲ್ಲ ಅಂತ ನೀವೇ ಸಹಿ ಮಾಡಿದ್ದೀರಿ.

ದಿನಾಂಕಗಳನ್ನು ನೋಡಿ ಗಾಬರಿಯಾಗಬೇಡಿ. 2150ನೇ ಇಸವಿಯಲ್ಲಿ ದಾಖಲಾದವರು ಸಿಗುತ್ತಾರೆ. ಗುರುತು ಸಿಗದಿರಲಿ ಎಂದು ಪ್ರತಿ ರೋಗಿಯ ದಿನಾಂಕವನ್ನೂ ಮುಂದಕ್ಕೆ ಸರಿಸಿದ್ದಾರೆ. ಒಬ್ಬರದೇ ಎರಡು ಘಟನೆಗಳ ನಡುವಿನ ಅಂತರ ಮಾತ್ರ ನಿಜ. ನಿಜವಾದ ವರ್ಷ ಮೂರು ವರ್ಷದ ಗುಂಪಿನ ಮಟ್ಟಿಗಷ್ಟೇ ಗೊತ್ತಾಗುತ್ತದೆ. ಹಿಂದಿನ ಮೂರನೆಯ ಆವೃತ್ತಿಯಲ್ಲಿ 89 ದಾಟಿದವರ ವಯಸ್ಸು ಲೆಕ್ಕ ಹಾಕಿದರೆ 300ರ ಮೇಲೆ ಬರುತ್ತದೆ. ಇದನ್ನು ಗಮನಿಸದೆ ಸರಾಸರಿ ವಯಸ್ಸು ತೆಗೆದ ವರದಿಗಳನ್ನು ನಾನೇ ತಿದ್ದಿದ್ದೇನೆ.

ಇನ್ನೊಂದು ವಿಷಯ ಇನ್ನೂ ಆಳದ್ದು. ಆಸ್ಪತ್ರೆಯ ದಾಖಲೆಯಲ್ಲಿ ಇರುವುದು ರೋಗಿಯ ದೇಹ ಮಾತ್ರ ಅಲ್ಲ, ಡಾಕ್ಟರ ಆತಂಕವೂ ಇದೆ. ಬಾಸ್ಟನ್ನಿನದೇ ಎರಡು ಆಸ್ಪತ್ರೆಗಳ 6.7 ಲಕ್ಷದಷ್ಟು ರೋಗಿಗಳ ಮೇಲೆ ನಡೆದು 2018ರಲ್ಲಿ ಬಂದ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸಿತು. 174 ಬಗೆಯ ಲ್ಯಾಬ್ ಪರೀಕ್ಷೆಗಳನ್ನು ಹೋಲಿಸಿದಾಗ, 118ರಲ್ಲಿ ಪರೀಕ್ಷೆಯ ಫಲಿತಾಂಶಕ್ಕಿಂತ ಅದನ್ನು ಯಾವಾಗ ಮಾಡಿಸಿದರು ಅನ್ನುವುದೇ ರೋಗಿ ಮೂರು ವರ್ಷ ಬದುಕುತ್ತಾರಾ ಎನ್ನುವುದನ್ನು ಹೆಚ್ಚು ಸರಿಯಾಗಿ ಹೇಳಿತು. ನಡುರಾತ್ರಿ ಮೂರು ಗಂಟೆಗೆ ಯಾರೂ ಸುಮ್ನೆ ರಕ್ತ ತೆಗೆಯುವುದಿಲ್ಲ, ಅಲ್ವಾ? ಹಾಗಾದರೆ ನಿಮ್ಮ ಮಾಡೆಲ್ ಕಲಿತದ್ದು ಏನನ್ನು? ಕಾಯಿಲೆಯನ್ನೋ, ಆ ಆಸ್ಪತ್ರೆಯ ಅಭ್ಯಾಸವನ್ನೋ? ಒಂದೇ ಆಸ್ಪತ್ರೆಯ ಡೇಟಾ ಹಿಡಿದವರು ಇದಕ್ಕೆ ಉತ್ತರ ಕೊಡಲು ಆಗುವುದಿಲ್ಲ. ಅದಕ್ಕೇ ಮಿಮಿಕ್ ಜೊತೆಗೆ ಇಐಸಿಯು ಡೇಟಾವನ್ನೂ ತೆಗೆದುಕೊಳ್ಳಿ ಎನ್ನುತ್ತೇನೆ. ಅದೂ ಫಿಸಿಯೋನೆಟ್‌ನಲ್ಲೇ ಇದೆ. 2014-15ರಲ್ಲಿ ಅಮೆರಿಕದ 208 ಆಸ್ಪತ್ರೆಗಳಲ್ಲಿ ಆದ 2 ಲಕ್ಷ ಐಸಿಯು ದಾಖಲಾತಿಗಳು ಅದರಲ್ಲಿವೆ. ಒಂದರಲ್ಲಿ ಕಲಿಸಿ ಇನ್ನೊಂದರಲ್ಲಿ ಪರೀಕ್ಷಿಸಿ. ಮಾಡೆಲ್‌ನ ಅಂಕ ಕುಸಿದರೆ ಬೇಜಾರಾಗಬೇಡಿ, ಥೀಸಿಸ್‌ನ ಒಳ್ಳೆಯ ಅಧ್ಯಾಯ ಅಲ್ಲೇ ಶುರುವಾಗುತ್ತದೆ.

ಮಿಮಿಕ್ ಯಾವುದಕ್ಕೆ ಸರಿಯಲ್ಲ? ನಮ್ಮ ತಾಲ್ಲೂಕು ಆಸ್ಪತ್ರೆಯ ಪ್ರಶ್ನೆಗಳಿಗೆ. ಹಾವು ಕಡಿತ, ಕೀಟನಾಶಕ ಕುಡಿದವರು, ಡೆಂಗ್ಯೂ ಇವೆಲ್ಲ ಬಾಸ್ಟನ್ನಿನ ಐಸಿಯುವಿನಲ್ಲಿ ಅಪರೂಪ. 1957ರಲ್ಲಿ ಶಿವಮೊಗ್ಗದ ಕಾಡಿನಂಚಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆಯ ಬಗ್ಗೆ ಅಲ್ಲಿ ಹುಡುಕಿ ಫಲವಿಲ್ಲ. ಆದರೆ ಮೂರನೆಯ ಪ್ರಶ್ನೆಗೆ ಮಿಮಿಕ್ ಚೆನ್ನಾಗಿ ಉತ್ತರ ಕೊಡುತ್ತದೆ. ರೋಗಿ ಮನೆಗೆ ಹೋದ ಮೇಲೆ ತೀರಿಕೊಂಡರೂ, ಒಂದು ವರ್ಷದವರೆಗೆ ರಾಜ್ಯದ ಸಾವಿನ ದಾಖಲೆಯಿಂದ ಅದು ಸೇರುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ.

ಯುಕೆ ಬಯೋಬ್ಯಾಂಕ್: ಆರೋಗ್ಯವಂತರ ದೊಡ್ಡ ಗುಂಪು

ಇಲ್ಲಿ 5 ಲಕ್ಷ ಜನ ಇದ್ದಾರೆ. 2006ರಿಂದ 2010ರ ನಡುವೆ ಸೇರಿಸಿದಾಗ ಎಲ್ಲರೂ 40ರಿಂದ 69 ವರ್ಷದೊಳಗಿನವರು. ರಕ್ತ, ಜೀನೋಮ್, ಸ್ಕ್ಯಾನ್ ಎಲ್ಲ ಇದೆ. ಅಲ್ಲಿನ ಸರ್ಕಾರಿ ಆಸ್ಪತ್ರೆ ಮತ್ತು ಸಾವಿನ ದಾಖಲೆಗಳ ಜೊತೆ ಜೋಡಣೆಯೂ ಆಗಿದೆ. ಹಾಗಾಗಿ ಆಮೇಲೆ ಏನಾಯ್ತು ಅನ್ನುವುದು ವರ್ಷಗಟ್ಟಲೆ ಸಿಗುತ್ತದೆ. ಜೀನ್ ಮತ್ತು ಕಾಯಿಲೆಯ ನಂಟು ಹುಡುಕುವವರಿಗೆ ಇದಕ್ಕೆ ಸಾಟಿ ಕಡಿಮೆ.

ಆದರೆ ಕರೆದವರಲ್ಲಿ ಬಂದವರು 100ಕ್ಕೆ ಐದಾರು ಜನ. ಬಂದವರು ಆ ದೇಶದ ಸರಾಸರಿಗಿಂತ ಕಡಿಮೆ ಸಿಗರೇಟು ಸೇದುವವರು, ಕಡಿಮೆ ಬಡತನದ ಬಡಾವಣೆಗಳವರು. 94%ಕ್ಕೂ ಹೆಚ್ಚು ಜನ ಬಿಳಿಯರು. ಇದರಿಂದ ತೆಗೆದ ಜೆನೆಟಿಕ್ ರಿಸ್ಕ್ ಸ್ಕೋರನ್ನು ಹಾಸನದ ರೈತರಿಗೆ ಹಾಗೇ ಹಚ್ಚಿದರೆ ಅದು ಕೆಲಸ ಮಾಡುತ್ತದೆ ಅಂತ ನಂಬಲು ಕಾರಣವಿಲ್ಲ. ಜೊತೆಗೆ ಶುಲ್ಕ ಇದೆ. ಕ್ಲೌಡ್‌ನಲ್ಲೇ ಕೆಲಸ ಮಾಡಬೇಕು, ಅದರ ಬಾಡಿಗೆ ಬೇರೆ. ಗೈಡ್ ಬಳಿ ಪ್ರಾಜೆಕ್ಟ್ ಹಣ ಇದ್ದರೆ, ಇಲ್ಲವೇ ಅನುಮತಿ ಆಗಲೇ ಇದ್ದರೆ ಮಾತ್ರ ಇದರ ಕಡೆ ನೋಡಿ. ಒಂದು ವರ್ಷದ ಎಂ.ಟೆಕ್. ಪ್ರಾಜೆಕ್ಟಿಗೆ ನಾನು ಬೇಡ ಅನ್ನುತ್ತೇನೆ.

ನಮ್ಮದೇ ಸಮೀಕ್ಷೆಗಳು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು 2019-21ರಲ್ಲಿ ನಡೆಯಿತು. 6.36 ಲಕ್ಷ ಮನೆಗಳು, 7.24 ಲಕ್ಷ ಹೆಂಗಸರು, ಸುಮಾರು 1 ಲಕ್ಷ ಗಂಡಸರು. ಬರೀ ಪ್ರಶ್ನೆ ಕೇಳಿ ಬಂದಿಲ್ಲ. 15 ದಾಟಿದವರ ಬಿಪಿಯನ್ನು ಮೂರು ಸಲ ಅಳೆದಿದ್ದಾರೆ, ಬೆರಳು ಚುಚ್ಚಿ ಸಕ್ಕರೆ ನೋಡಿದ್ದಾರೆ, ರಕ್ತಹೀನತೆ ಪರೀಕ್ಷೆ ಮಾಡಿದ್ದಾರೆ. 15ರಿಂದ 49 ವರ್ಷದ ಹೆಂಗಸರಲ್ಲಿ 57% ಜನರಿಗೆ ರಕ್ತಹೀನತೆ ಎನ್ನುವ ಅಂಕಿ ಬಂದದ್ದು ಇಲ್ಲಿಂದಲೇ. ಯಾವ ವಿಷಯದ ಮೇಲೆ ಕೆಲಸ ಮಾಡುತ್ತೀರಿ ಅಂತ ಬರೆದು ನೋಂದಣಿ ಮಾಡಿದರೆ ಡೇಟಾಗೆ ದುಡ್ಡು ಕೊಡಬೇಕಿಲ್ಲ.

ಈ ಡೇಟಾವನ್ನು ಕಂಪ್ಯೂಟರ್ ಸೈನ್ಸ್ ಕಡೆಯಿಂದ ಬಂದವರು ಬಹಳ ಕೆಡಿಸುತ್ತಾರೆ. ಕೋಪದಿಂದಲ್ಲ, ಕಾಳಜಿಯಿಂದಲೇ ಹೇಳುತ್ತಿದ್ದೇನೆ. ಪ್ರತಿ ಸಾಲಿಗೂ ಒಂದು ತೂಕದ ಕಾಲಂ ಇರುತ್ತದೆ. ಅದನ್ನು 10 ಲಕ್ಷದಿಂದ ಭಾಗಿಸಿ ಬಳಸಬೇಕು. ಬಳಸದಿದ್ದರೆ ಸಣ್ಣ ಜಿಲ್ಲೆಯ ಮಾತು ಜಾಸ್ತಿ ಕೇಳುತ್ತದೆ, ದೊಡ್ಡ ಜಿಲ್ಲೆಯ ಮಾತು ಕಡಿಮೆ ಕೇಳುತ್ತದೆ. ಎರಡನೆಯದು, ಒಂದೇ ಹಳ್ಳಿಯ ಇಪ್ಪತ್ತು ಚಿಲ್ಲರೆ ಮನೆಗಳು ಒಟ್ಟಿಗೆ ಬರುತ್ತವೆ. ಸಾಲುಗಳನ್ನು ಕಲಸಿ, ಮಾಡೆಲ್‌ಗೆ ಕಲಿಸಲು ಟ್ರೇನ್, ಪರೀಕ್ಷಿಸಲು ಟೆಸ್ಟ್ ಅಂತ ಒಡೆದರೆ, ಅಕ್ಕಪಕ್ಕದ ಮನೆಯವರೇ ಎರಡೂ ಕಡೆ ಕೂರುತ್ತಾರೆ. ಅಂಕ ಚೆನ್ನಾಗಿ ಬರುತ್ತದೆ, ಅದಕ್ಕೆ ಅರ್ಥ ಇರುವುದಿಲ್ಲ. ಇಡೀ ಹಳ್ಳಿಯನ್ನೇ ಒಂದು ಕಡೆ ಇಡಿ. ಇನ್ನು ಕರ್ನಾಟಕದ ನಕ್ಷೆ ಬರೆಯುವವರಿಗೆ ಒಂದು ಮಾತು: ಇಲ್ಲಿನ ಸಮೀಕ್ಷೆ ಮುಗಿದದ್ದು ವಿಜಯನಗರ ಜಿಲ್ಲೆ ಹುಟ್ಟುವ ಮೊದಲು. ಹೊಸಪೇಟೆಯ ಮನೆಗಳು ಬಳ್ಳಾರಿಯ ಲೆಕ್ಕದಲ್ಲೇ ಇವೆ. 31 ಜಿಲ್ಲೆಯ ನಕ್ಷೆ ಹಾಕಿದರೆ ಒಂದು ಜಿಲ್ಲೆ ಖಾಲಿ ಉಳಿಯುತ್ತದೆ.

ಈ ಸಮೀಕ್ಷೆಯ ದೊಡ್ಡ ಮಿತಿ ಮೂರನೆಯ ಪ್ರಶ್ನೆಯಲ್ಲೇ ಇದೆ. ಅದೇ ಮನೆಗೆ ಮತ್ತೆ ಹೋಗುವುದಿಲ್ಲ. ಬಿಪಿ 160 ಇದ್ದ ಆ ಹೆಂಗಸಿಗೆ ಆಮೇಲೆ ಏನಾಯ್ತೋ ಗೊತ್ತಿಲ್ಲ. ಹಾಗಾಗಿ "ಎಷ್ಟು ಜನರಿಗೆ ಇದೆ, ಎಲ್ಲಿ ಇದೆ, ಯಾರಿಗೆ ಚಿಕಿತ್ಸೆ ಸಿಕ್ಕಿಲ್ಲ" ಎನ್ನುವ ಪ್ರಶ್ನೆಗೆ ಇದು ಬಂಗಾರ. "ಮುಂದೆ ಯಾರಿಗೆ ಬರುತ್ತದೆ" ಎನ್ನುವ ಪ್ರಶ್ನೆಗೆ ಅಲ್ಲ. ವಯಸ್ಸಾದವರ ಮೇಲೆ ಕೆಲಸ ಮಾಡುವವರಿಗೆ ಲಾಸಿ ಸಮೀಕ್ಷೆ ಇದೆ. 45 ದಾಟಿದವರು ಮತ್ತು ಅವರ ಗಂಡ ಅಥವಾ ಹೆಂಡತಿ ಸೇರಿ 72 ಸಾವಿರಕ್ಕೂ ಹೆಚ್ಚು ಜನ, ಮೊದಲ ಸುತ್ತು 2017-18ರಲ್ಲಿ ಶುರುವಾಯಿತು. ಅದೇ ಜನರ ಬಳಿಗೆ ಮತ್ತೆ ಹೋಗಬೇಕು ಎನ್ನುವುದೇ ಅದರ ಉದ್ದೇಶ.

ಮತ್ತೆ ಹೋಗುವ ಕೆಲಸ ನಮ್ಮ ರಾಜ್ಯದಲ್ಲೇ ನಡೆಯುತ್ತಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಮಾವಿಗೆ ಹೆಸರಾದ ಊರು. ಆ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಐಐಎಸ್ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದ 10,000 ಜನರನ್ನು ಸೇರಿಸಿಕೊಂಡು ವರ್ಷಗಳ ಕಾಲ ಹಿಂಬಾಲಿಸುವ ಗುರಿ ಇಟ್ಟುಕೊಂಡಿದ್ದಾರೆ. ಮರೆವಿನ ಕಾಯಿಲೆ ಹಳ್ಳಿಯ ಜನರಲ್ಲಿ ಹೇಗೆ ಶುರುವಾಗುತ್ತದೆ ಅನ್ನುವುದು ಅವರ ಪ್ರಶ್ನೆ. ಓದು ಬರಹ ಬಾರದ ಅಜ್ಜಿಗೆ ನೆನಪಿನ ಶಕ್ತಿಯ ಪರೀಕ್ಷೆ ಹೇಗೆ ಮಾಡಬೇಕು ಅನ್ನುವುದೇ ಒಂದು ಸಂಶೋಧನೆ. ಇಂಥ ಡೇಟಾ ಡೌನ್‌ಲೋಡ್ ಮಾಡಿ ಪಡೆಯುವಂಥದ್ದಲ್ಲ, ಅವರ ಜೊತೆ ಸೇರಿ ಕೆಲಸ ಮಾಡಬೇಕು. ಪಿಎಚ್.ಡಿ.ಗೆ ನಾಲ್ಕೈದು ವರ್ಷ ಇಟ್ಟುಕೊಂಡವರು ಇದನ್ನು ಗಂಭೀರವಾಗಿ ಯೋಚಿಸಿ. ಇದೇ ಕೇಂದ್ರದ ಮುಂದಾಳತ್ವದಲ್ಲಿ 20 ಸಂಸ್ಥೆಗಳು ಸೇರಿ ಜೀನೋಮ್ ಇಂಡಿಯಾ ಯೋಜನೆಯಲ್ಲಿ ದೇಶದ 80ಕ್ಕೂ ಹೆಚ್ಚು ಸಮುದಾಯಗಳ ಸುಮಾರು 10,000 ಜನರ ಜೀನೋಮ್ ಓದಿವೆ. 2025ರ ಜನವರಿಯಲ್ಲಿ ಅದನ್ನು ಸಂಶೋಧಕರಿಗೆ ತೆರೆಯಲಾಯಿತು. ಡೇಟಾ ಇರುವುದು ಫರೀದಾಬಾದ್‌ನ ಭಾರತೀಯ ಜೈವಿಕ ಡೇಟಾ ಕೇಂದ್ರದಲ್ಲಿ. ಪ್ರಸ್ತಾವ ಬರೆದು ಕೇಳಬೇಕು.

ಚಿತ್ರಗಳು

ಎಕ್ಸ್‌ರೇ, ಕಣ್ಣಿನ ಫೋಟೋ ಇವು ಎಲ್ಲರಿಗೂ ಇಷ್ಟ, ಯಾಕೆಂದರೆ ಫಲಿತಾಂಶ ಬೇಗ ಕಾಣುತ್ತದೆ. ನಾನು ಇಲ್ಲಿ ಹೆಚ್ಚು ಹೇಳುವುದಿಲ್ಲ. ಎಕ್ಸ್‌ರೇ ಡೇಟಾದಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ 1,12,120 ಚಿತ್ರಗಳ ಸಂಗ್ರಹ ಬಹಳ ಬಳಕೆಯಲ್ಲಿದೆ. ಅದರ ಲೇಬಲ್‌ಗಳನ್ನು ಡಾಕ್ಟರ್ ಚಿತ್ರ ನೋಡಿ ಹಾಕಿದ್ದಲ್ಲ, ವರದಿಯ ಪಠ್ಯದಿಂದ ಕಂಪ್ಯೂಟರ್ ಹೆಕ್ಕಿದ್ದು. ಶ್ವಾಸಕೋಶದ ಸುತ್ತ ಗಾಳಿ ತುಂಬಿದೆ ಅಂತ ಲೇಬಲ್ ಇರುವ ಎಷ್ಟೋ ಚಿತ್ರಗಳಲ್ಲಿ ಚಿಕಿತ್ಸೆಯ ಟ್ಯೂಬ್ ಆಗಲೇ ಎದೆಯಲ್ಲಿ ಇದೆ. ಮಾಡೆಲ್ ಟ್ಯೂಬ್ ಹುಡುಕಲು ಕಲಿಯುತ್ತದೆ. ಟ್ಯೂಬ್ ಹಾಕದ ರೋಗಿಗೆ ತಾನೇ ನಮ್ಮ ಸಹಾಯ ಬೇಕಿರುವುದು? ಮಿಮಿಕ್‌ನ ಎಕ್ಸ್‌ರೇಗಳು ಮೂಲ ರೂಪದಲ್ಲಿ 4 ಟೆರಾಬೈಟ್‌ಗೂ ಜಾಸ್ತಿ. ಹಾಸ್ಟೆಲ್ ವೈಫೈಯಲ್ಲಿ ಅದು ಇಳಿಯುವುದಿಲ್ಲ, ಜೆಪೆಗ್ ಆವೃತ್ತಿ ನೋಡಿ.

ಕಣ್ಣಿನ ವಿಷಯದಲ್ಲಿ ಭಾರತದ ಡೇಟಾ ಚೆನ್ನಾಗಿದೆ. ಮಹಾರಾಷ್ಟ್ರದ ನಾಂದೇಡ್‌ನ ಕ್ಲಿನಿಕ್ ಒಂದರಲ್ಲಿ ತೆಗೆದ 516 ಚಿತ್ರಗಳ ಸಂಗ್ರಹ ಇದೆ. ಅರವಿಂದ್ ಕಣ್ಣಾಸ್ಪತ್ರೆಯವರು 2019ರ ಸ್ಪರ್ಧೆಯೊಂದಕ್ಕೆ ಕೊಟ್ಟ 3,662 ಲೇಬಲ್ ಹಾಕಿದ ಚಿತ್ರಗಳಿವೆ. ಸಕ್ಕರೆ ಕಾಯಿಲೆಯಿಂದ ಕಣ್ಣಿಗೆ ಆಗುವ ಹಾನಿಯನ್ನು ಚಿತ್ರದಿಂದ ಗುರುತಿಸಲು 2016ರಲ್ಲಿ ಗೂಗಲ್ ಮಾಡಿದ ಹೆಸರಾಂತ ಕೆಲಸದಲ್ಲಿ ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯದ ಚಿತ್ರಗಳೂ ಸೇರಿದ್ದವು. ಅದೇ ತಂತ್ರವನ್ನು ಆಮೇಲೆ ಥಾಯ್ಲೆಂಡಿನ ಕ್ಲಿನಿಕ್‌ಗಳಿಗೆ ಒಯ್ದಾಗ, ನರ್ಸ್‌ಗಳು ತೆಗೆದ ಚಿತ್ರಗಳಲ್ಲಿ 21% ಸ್ಪಷ್ಟವಾಗಿಲ್ಲ ಅಂತ ಯಂತ್ರ ತಿರಸ್ಕರಿಸಿತು. ಕೋಣೆಯಲ್ಲಿ ಸಾಕಷ್ಟು ಕತ್ತಲೆ ಇರಲಿಲ್ಲ. ಮಂದ ಚಿತ್ರಗಳನ್ನು ತೆಗೆದುಹಾಕಿ ಡೇಟಾ "ಕ್ಲೀನ್" ಮಾಡುವ ಮುಂಚೆ ಇದನ್ನು ಯೋಚಿಸಿ.

ನಿಮ್ಮ ಊರಿನ ಆಸ್ಪತ್ರೆಯ ಕೇಸ್ ಶೀಟ್

ಇದು ಎಲ್ಲಕ್ಕಿಂತ ಕಷ್ಟದ ದಾರಿ. ನನಗೆ ಎಲ್ಲಕ್ಕಿಂತ ಪ್ರೀತಿಯ ದಾರಿಯೂ ಹೌದು.

ನನ್ನ ಪಿಎಚ್.ಡಿ. ಹೊತ್ತಿನಲ್ಲಿ ಒಂದು ದೊಡ್ಡ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ ಮೂರು ತಿಂಗಳು ಕೂತಿದ್ದೆ. ಧೂಳು, ಟ್ಯಾಗು ಕಿತ್ತ ಫೈಲು, ಓದಲಾಗದ ಕೈಬರಹ. ವಯಸ್ಸಿನ ಕಾಲಂನಲ್ಲಿ ಎಲ್ಲ 40, 45, 50, 60. 43 ಅಂತ ಬರೆದದ್ದು ಅಪರೂಪ. ಲಕ್ಷ್ಮಮ್ಮ ಎನ್ನುವ ಒಂದೇ ಹೆಸರು ಇಂಗ್ಲಿಷ್‌ನಲ್ಲಿ ನಾಲ್ಕು ಸ್ಪೆಲ್ಲಿಂಗ್. ಪ್ರತಿ ಸಲ ಬಂದಾಗಲೂ ಹೊಸ ಚೀಟಿ, ಹೊಸ ನಂಬರ್. ಒಬ್ಬರನ್ನೇ ನಾಲ್ಕು ಜನ ಅಂತ ಎಣಿಸಿದ್ದೆ.

ತೀವ್ರ ಸೋಂಕಿನಿಂದ ಬಂದ ರೋಗಿಗಳಲ್ಲಿ ಯಾರು ಉಳಿಯುತ್ತಾರೆ ಎಂದು ಮೊದಲೇ ಹೇಳುವ ಮಾಡೆಲ್ ಕಟ್ಟುವುದು ನನ್ನ ಕೆಲಸ. ಮೊದಲ ಫಲಿತಾಂಶ ಬಂದಾಗ ತುಂಬಾ ಸೀರಿಯಸ್ ಇದ್ದ ಎಷ್ಟೋ ಜನ "ಬದುಕಿದವರು" ಗುಂಪಿನಲ್ಲಿ ಕೂತಿದ್ದರು. ಕೋಡ್‌ನಲ್ಲಿ ತಪ್ಪಿದೆ ಅಂತ ವಾರಗಟ್ಟಲೆ ಹುಡುಕಿದೆ. ಕೊನೆಗೆ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ಫೈಲ್ ನೋಡಿ, "ಇವರೆಲ್ಲ ಡಾಮಾ ಕಣಮ್ಮ" ಅಂದರು. ಡಾಕ್ಟರ ಸಲಹೆ ಮೀರಿ ಮನೆಗೆ ಕರೆದುಕೊಂಡು ಹೋದವರು. ದುಡ್ಡು ಮುಗಿದಿರುತ್ತದೆ. ಇಲ್ಲವೇ ಆಸೆ ಮುಗಿದಿರುತ್ತದೆ, ಉಸಿರು ಹೋಗುವುದಾದರೆ ಮನೆಯಲ್ಲೇ ಹೋಗಲಿ ಅಂತ ಒಯ್ಯುತ್ತಾರೆ. ಆಸ್ಪತ್ರೆಯ ಪುಸ್ತಕದಲ್ಲಿ ಅದು ಡಿಸ್ಚಾರ್ಜ್. ನನ್ನ ಫೈಲ್‌ನಲ್ಲಿ ಅದು 1, ಅಂದರೆ ಬದುಕಿದ್ದಾರೆ. ನಾನು ಕಟ್ಟಿದ ಮಾಡೆಲ್ ಸಾಯುವವರನ್ನು ನೋಡಿ ಚೇತರಿಸಿಕೊಳ್ಳುತ್ತಾರೆ ಅಂತ ಕಲಿಯುತ್ತಿತ್ತು.

ಅವತ್ತಿನಿಂದ ಯಾವ ಡೇಟಾ ಕಂಡರೂ ಮೊದಲು ಕೇಳುವುದು ಅದೇ: ಆಮೇಲೆ ಏನಾಯ್ತು? ಬಾಸ್ಟನ್ನಿನ ಡೇಟಾದಲ್ಲಿ ಇದಕ್ಕೆ ರಾಜ್ಯದ ದಾಖಲೆ ಉತ್ತರ ಕೊಡುತ್ತದೆ. ನಮ್ಮಲ್ಲಿ ನೋಂದಣಿಯಾದ ಸಾವುಗಳಲ್ಲೂ ಡಾಕ್ಟರು ಕಾರಣ ಬರೆದುಕೊಟ್ಟದ್ದು 2020ರಲ್ಲಿ 22.5% ಮಾತ್ರ. ಉತ್ತರವನ್ನು ನಾವೇ ಹುಡುಕಿ ತರಬೇಕು. "ಸರ್ಕಾರ ಕೊಡುವ ಆರೋಗ್ಯ ಗುರುತಿನ ಆಭಾ ನಂಬರ್ ಇದೆಯಲ್ಲ ಮೇಡಂ" ಅಂತ ಕೇಳುತ್ತಾರೆ. ಅದು ಆಸ್ಪತ್ರೆಗಳಲ್ಲೇ ಇರುವ ದಾಖಲೆಗಳನ್ನು ರೋಗಿಯ ಒಪ್ಪಿಗೆಯಿಂದ ಜೋಡಿಸುವ ವ್ಯವಸ್ಥೆ. ಸಂಶೋಧಕರು ಹೋಗಿ ತೆಗೆದುಕೊಳ್ಳುವ ಉಗ್ರಾಣ ಅಲ್ಲ.

ಹಾಗಾದರೆ ಯಾರಿಗೆ ಯಾವುದು

ಆರು ತಿಂಗಳಲ್ಲಿ ಪ್ರಾಜೆಕ್ಟ್ ಮುಗಿಸಬೇಕಾದವರು ಮಿಮಿಕ್ ಡೆಮೊದಿಂದ ಇವತ್ತೇ ಶುರು ಮಾಡಿ, ಪೂರ್ತಿ ಡೇಟಾಗೆ ಅರ್ಜಿ ಹಾಕಿ. ಸಂಖ್ಯಾಶಾಸ್ತ್ರ ಚೆನ್ನಾಗಿ ಬರುವವರು, ನಮ್ಮ ಜಿಲ್ಲೆಗಳ ಬಗ್ಗೆ ಏನಾದರೂ ಹೇಳಬೇಕು ಅನ್ನುವವರು ಕುಟುಂಬ ಆರೋಗ್ಯ ಸಮೀಕ್ಷೆಗೆ ಹೋಗಿ. ಚಿತ್ರವೇ ಬೇಕು ಅನ್ನುವವರು ಕಣ್ಣಿನದನ್ನು ತೆಗೆದುಕೊಳ್ಳಿ, ಒಂದು ಊರಿನ ಚಿತ್ರದಲ್ಲಿ ಕಲಿಸಿ ಇನ್ನೊಂದು ಊರಿನದರಲ್ಲಿ ಪರೀಕ್ಷಿಸಿ. ಪೀಮಾ ಡೇಟಾ ಕ್ಲಾಸಿನಲ್ಲಿ ಅಭ್ಯಾಸಕ್ಕೆ ಇರಲಿ, ಥೀಸಿಸ್‌ಗೆ ಬೇಡ.

ಎರಡು ವರ್ಷಕ್ಕಿಂತ ಜಾಸ್ತಿ ಸಮಯ ಇರುವವರಿಗೆ ನನ್ನ ಸಲಹೆ ಬೇರೆ. ಮಾಡೆಲನ್ನು ಮಿಮಿಕ್‌ನಲ್ಲಿ ಕಟ್ಟಿ. ಅದನ್ನು ಪರೀಕ್ಷಿಸಲು ನಿಮ್ಮ ಊರಿನ ಆಸ್ಪತ್ರೆಯ 300 ರೋಗಿಗಳನ್ನು ಸೇರಿಸಿಕೊಳ್ಳಿ. 300 ಸಣ್ಣ ಸಂಖ್ಯೆ ಅಲ್ಲ, ಕೈಯಾರೆ ಮಾಡಿದವರಿಗೆ ಗೊತ್ತು. ಎಥಿಕ್ಸ್ ಕಮಿಟಿಯ ಅರ್ಜಿಯನ್ನು ಈ ವಾರವೇ ಬರೆಯಲು ಕೂರಿ. ಕಮಿಟಿ ದಿನಾ ಸೇರುವುದಿಲ್ಲ, ತಿದ್ದುಪಡಿ ಕೇಳಿದರೆ ಮುಂದಿನ ಸಭೆಯವರೆಗೆ ಕಾಯಬೇಕು. ಮನುಷ್ಯರ ಮೇಲಿನ ಸಂಶೋಧನೆಯ ನೀತಿಯ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯನ್ನು ಮೊದಲೇ ಓದಿಕೊಳ್ಳಿ. ಹಳೆಯ, ಹೆಸರು ತೆಗೆದ ಕೇಸ್ ಶೀಟ್ ಮಾತ್ರ ಬಳಸುವುದಾದರೆ ರೋಗಿಯ ಒಪ್ಪಿಗೆಯಿಂದ ವಿನಾಯಿತಿ ಕೇಳಬಹುದು. ಆದರೆ ನೀವು ಹಾಗೆ ಮಾಡಬೇಡಿ. ಹೊಸದಾಗಿ ದಾಖಲಾಗುವವರ ಮನೆಯವರ ಹತ್ತಿರ ಕನ್ನಡದಲ್ಲಿ ವಿವರಿಸಿ, ಒಪ್ಪಿಗೆ ಪಡೆದು, 30ನೇ ದಿನ ಫೋನ್ ಮಾಡುವುದಕ್ಕೂ ಅನುಮತಿ ಕೇಳಿ. ಎರಡು ನಂಬರ್ ಬರೆದುಕೊಳ್ಳಿ, ಒಂದು ಮಗನದು ಅಥವಾ ಮಗಳದು, ಇನ್ನೊಂದು ಪಕ್ಕದ ಮನೆಯವರದು. ಆ ಫೋನನ್ನು ಬೇರೆಯವರ ಕೈಲಿ ಮಾಡಿಸಬೇಡಿ. "ಅಮ್ಮ ಹೇಗಿದ್ದಾರೆ?" ಅಂತ ನೀವೇ ಕೇಳಿ, ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ಕಾಲಂ ತುಂಬಿ.